ಸೂಜಿ ಚುಚ್ಚಿದರೆ ಲಿವರ್ ಕ್ಯಾನ್ಸರ್ ಹರಡುತ್ತದೆಯೇ? ಅದು ನಿಜವಾಗಿ ಹರಡುವುದು ಹೇಗೆ?

“ಲಿವರ್‌ನಲ್ಲಿ ಗಡ್ಡೆ ಇದೆ ಅಂದರೆ ಯಾವ ಕಾರಣಕ್ಕೂ ಸೂಜಿ ಹಾಕಿಸಬೇಡಿ. ಸೂಜಿ ತಾಗಿದ ತಕ್ಷಣ ಕ್ಯಾನ್ಸರ್ ಮೈಗೆಲ್ಲ ಹರಡುತ್ತದೆ. ಆಪರೇಷನ್‌ನಲ್ಲಿ ಗಾಳಿ ತಾಗಿದರೂ ಅಷ್ಟೇ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಅರಿಶಿನ, ನಿಂಬೆರಸ ಕುಡಿದರೆ ಗಡ್ಡೆ ಕರಗುತ್ತದೆ. ಹತ್ತು ಜನಕ್ಕೆ ಕಳಿಸಿ, ಒಂದು ಜೀವ ಉಳಿಸಿ.”

ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಮ್ಮೆಯಾದರೂ ಬಂದಿರುತ್ತದೆ. ಕಳಿಸಿದವರ ಮನಸ್ಸು ಕೆಟ್ಟದ್ದೇನಲ್ಲ. ಮನೆಯಲ್ಲಿ ಯಾರಿಗೋ ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಕಂಡಿದೆ, ಡಾಕ್ಟರು ಮುಂದಿನ ಪರೀಕ್ಷೆಗೆ ಬರಹೇಳಿದ್ದಾರೆ, ಅಷ್ಟರಲ್ಲಿ ಮೊಬೈಲಿಗೆ ಈ ಮಾತು ಬಂದು ಬೀಳುತ್ತದೆ. ಮನೆಮಂದಿ ಹೆದರಿ “ಸ್ವಲ್ಪ ದಿನ ನೋಡೋಣ” ಎಂದುಕೊಳ್ಳುತ್ತಾರೆ. ಲಿವರ್ ಕ್ಯಾನ್ಸರಿನ ಮಟ್ಟಿಗೆ ಈ “ಸ್ವಲ್ಪ ದಿನ” ತುಂಬಾ ದುಬಾರಿ. ಈ ಗಡ್ಡೆಗಳಲ್ಲಿ ಅನೇಕವು ನಾಲ್ಕರಿಂದ ಆರು ತಿಂಗಳಲ್ಲಿ ಗಾತ್ರದಲ್ಲಿ ಎರಡರಷ್ಟಾಗುತ್ತವೆ.

ಹಾಗಾಗಿ ಈ ಫಾರ್ವರ್ಡ್ ಸುಳ್ಳು ಎಂದಷ್ಟೇ ಬರೆದು ಮುಗಿಸುವ ಬದಲು, ಲಿವರ್ ಕ್ಯಾನ್ಸರ್ ನಿಜಕ್ಕೂ ಹೇಗೆ ಹರಡುತ್ತದೆ ಎಂಬುದನ್ನೇ ಸ್ವಲ್ಪ ಒಳಗಿಳಿದು ನೋಡೋಣ. ಸೂಜಿಯ ವಿಷಯದಲ್ಲಿ ಒಂದು ಚೂರು ಸತ್ಯವೂ ಇದೆ. ಅದನ್ನೂ ಮುಚ್ಚಿಡುವುದಿಲ್ಲ.

ಲಿವರಿನ ಕ್ಯಾನ್ಸರೋ, ಲಿವರಿಗೆ ಬಂದ ಕ್ಯಾನ್ಸರೋ?

ಮೊದಲು ಈ ಗೊಂದಲ ಬಗೆಹರಿಯಬೇಕು. ಲಿವರ್, ಅಂದರೆ ಯಕೃತ್ತು, ನಮ್ಮ ದೇಹದ ಎಪಿಎಂಸಿ ಇದ್ದಹಾಗೆ. ಸುತ್ತಲಿನ ಹಳ್ಳಿಗಳ ದವಸವೆಲ್ಲ ಹೇಗೆ ಮೈಸೂರಿನ ಬಂಡಿಪಾಳ್ಯದ ಯಾರ್ಡಿಗೆ ಬಂದು, ತೂಕವಾಗಿ, ವಿಂಗಡಣೆಯಾಗಿ ಆಮೇಲೆ ಊರಿಗೆ ಹೋಗುತ್ತದೋ, ಹಾಗೆ ಕರುಳಿನಲ್ಲಿ ಹೀರಿಕೊಂಡದ್ದೆಲ್ಲ ಪೋರ್ಟಲ್ ಅಭಿಧಮನಿ ಎಂಬ ದೊಡ್ಡ ರಕ್ತನಾಳದ ಮೂಲಕ ಮೊದಲು ಲಿವರಿಗೇ ಬರುತ್ತದೆ. ಲಿವರಿಗೆ ಸೇರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಈ ದಾರಿಯದ್ದು. ಉಳಿದದ್ದು ಹೃದಯದ ಕಡೆಯಿಂದ ಬರುವ ಅಪಧಮನಿಯದ್ದು.

ದವಸದ ಜೊತೆ ಹುಳವೂ ಬರುವಂತೆ, ಕರುಳಿನ ಕ್ಯಾನ್ಸರಿನ ಕೋಶಗಳೂ ಇದೇ ದಾರಿಯಲ್ಲಿ ಬಂದು ಲಿವರಿನಲ್ಲಿ ನೆಲೆಯೂರಬಹುದು. ಹಾಗಾದಾಗ ಅದು ಲಿವರಿಗೆ ಹರಡಿದ ಕರುಳಿನ ಕ್ಯಾನ್ಸರ್. ಅದರ ಔಷಧಿಯೇ ಬೇರೆ, ಲೆಕ್ಕಾಚಾರವೇ ಬೇರೆ. ಲಿವರಿನದೇ ಜೀವಕೋಶ ಕೆಟ್ಟು ಹುಟ್ಟುವ ಕ್ಯಾನ್ಸರಿಗೆ ಹೆಪಟೋಸೆಲ್ಯುಲಾರ್ ಕಾರ್ಸಿನೋಮಾ ಎಂದು ಹೆಸರು. ಆಸ್ಪತ್ರೆಯ ಚೀಟಿಗಳಲ್ಲಿ ಚಿಕ್ಕದಾಗಿ ಎಚ್‌ಸಿಸಿ ಎಂದು ಬರೆದಿರುತ್ತಾರೆ. ಈ ಲೇಖನ ಅದರ ಬಗ್ಗೆ. “ನಮ್ಮ ಪಕ್ಕದ ಮನೆಯವರಿಗೂ ಲಿವರ್ ಕ್ಯಾನ್ಸರ್ ಇತ್ತು, ಅವರಿಗೆ ಈ ಮಾತ್ರೆ ಕೊಟ್ಟಿದ್ದರು” ಎನ್ನುವ ಮುನ್ನ ಅದು ಯಾವುದು ಎಂದು ಕೇಳಿ.

ಜಗತ್ತಿನಲ್ಲಿ 2022ರ ಒಂದೇ ವರ್ಷದಲ್ಲಿ ಎಂಟೂವರೆ ಲಕ್ಷಕ್ಕೂ ಹೆಚ್ಚು ಜನರಲ್ಲಿ ಹೊಸದಾಗಿ ಲಿವರ್ ಕ್ಯಾನ್ಸರ್ ಪತ್ತೆಯಾಯಿತು. ಅದೇ ವರ್ಷ ಏಳೂವರೆ ಲಕ್ಷಕ್ಕೂ ಹೆಚ್ಚು ಜನ ಅದರಿಂದ ತೀರಿಕೊಂಡರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದ ಅಂದಾಜು. ಎರಡು ಸಂಖ್ಯೆಗಳೂ ಇಷ್ಟು ಹತ್ತಿರ ಇರುವುದಕ್ಕೆ ಮುಖ್ಯ ಕಾರಣ, ಬಹಳಷ್ಟು ಮಂದಿಗೆ ಇದು ಗೊತ್ತಾಗುವುದೇ ಹರಡಿದ ಮೇಲೆ. ಲಿವರಿನ ಒಳಭಾಗಕ್ಕೆ ನೋವು ತಿಳಿಯುವುದಿಲ್ಲ. ನೋವಿನ ನರಗಳಿರುವುದು ಅದರ ಹೊರಪೊರೆಯಲ್ಲಿ. ಗಡ್ಡೆ ಬೆಳೆದು ಆ ಪೊರೆಯನ್ನು ಹಿಗ್ಗಿಸುವವರೆಗೂ ಮನುಷ್ಯ ಆರಾಮಾಗಿ ಓಡಾಡಿಕೊಂಡಿರುತ್ತಾನೆ.

ಗಾಯ ಮಾಯುವ ಕೆಲಸವೇ ಮುಗಿಯದಿದ್ದಾಗ

ಆರೋಗ್ಯವಾಗಿರುವ ಲಿವರಿನಲ್ಲಿ ಕ್ಯಾನ್ಸರ್ ಹುಟ್ಟುವುದು ಅಪರೂಪ. ಹೆಚ್ಚಿನ ರೋಗಿಗಳಲ್ಲಿ ಲಿವರ್ ಹತ್ತಾರು ವರ್ಷ ಪೆಟ್ಟು ತಿಂದಿರುತ್ತದೆ. ಹೆಪಟೈಟಿಸ್ ಬಿ ಅಥವಾ ಸಿ ವೈರಸ್, ಮದ್ಯ, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆ ಬರುವ ಫ್ಯಾಟಿ ಲಿವರ್, ಇವು ಮುಖ್ಯವಾದ ಪೆಟ್ಟುಗಳು. ಕೋಶ ಸಾಯುತ್ತದೆ, ಹೊಸದು ಹುಟ್ಟುತ್ತದೆ, ಮತ್ತೆ ಸಾಯುತ್ತದೆ. ಮಧ್ಯೆ ನಾರಿನಂಥ ಕಲೆ ಕಟ್ಟಿಕೊಳ್ಳುತ್ತಾ ಹೋಗಿ ಲಿವರ್ ಗಂಟುಗಂಟಾಗುತ್ತದೆ. ಅದೇ ಸಿರೋಸಿಸ್. ಪ್ರತಿ ಸಲ ಕೋಶ ಒಡೆದು ಎರಡಾಗುವಾಗಲೂ ಡಿಎನ್‌ಎ ನಕಲು ಮಾಡಬೇಕು. ನಕಲು ಮಾಡುವಾಗ ತಪ್ಪು ಆಗುತ್ತದೆ. ಲಕ್ಷಾಂತರ ಸಲ ಮಾಡಿದರೆ ಲಕ್ಷಾಂತರ ಅವಕಾಶ.

ಹೆಪಟೈಟಿಸ್ ಬಿ ವೈರಸ್ ಇನ್ನೂ ಒಂದು ಹೆಜ್ಜೆ ಮುಂದೆ. ಅದು ತನ್ನ ಡಿಎನ್‌ಎ ತುಣುಕನ್ನು ನಮ್ಮ ಕೋಶದ ಡಿಎನ್‌ಎ ಒಳಗೇ ಹೆಣೆದುಬಿಡುತ್ತದೆ. ಹಾಗಾಗಿ ಸಿರೋಸಿಸ್ ಆಗದೆಯೂ ಅದರಿಂದ ಕ್ಯಾನ್ಸರ್ ಬರಬಹುದು.

ಇಲ್ಲಿ ಮೈಸೂರಿಗೆ ಸಂಬಂಧಿಸಿದ ಒಂದು ಹಳೆಯ ಕತೆ ಇದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳು ದೊಡ್ಡ ಸಂಖ್ಯೆಯಲ್ಲಿ ಸತ್ತವು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಅವುಗಳ ಮೇವಿನಲ್ಲಿದ್ದ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ. ಆ ಬೂಷ್ಟು ಉತ್ಪಾದಿಸುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಆಗ ಮೈಸೂರಿನ ಸಿಎಫ್‌ಟಿಆರ್‌ಐ, ನಮ್ಮ ಚೆಲುವಾಂಬ ವಿಲಾಸದ ಅರಮನೆಯಲ್ಲಿರುವ ಆಹಾರ ಸಂಶೋಧನಾಲಯ, ಕಡಲೆಕಾಯಿ ಹಿಟ್ಟನ್ನೇ ಬಳಸಿ ಬಡ ಮಕ್ಕಳಿಗೆ ಪೌಷ್ಟಿಕ ಆಹಾರ ಮಾಡುವ ಕೆಲಸದಲ್ಲಿತ್ತು. ಸುದ್ದಿ ಕೇಳಿ ಕೈಕಟ್ಟಿ ಕೂರುವಂತಿರಲಿಲ್ಲ. 1967ರಲ್ಲಿ ಅಲ್ಲಿನ ವಿಜ್ಞಾನಿಗಳು ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಕಡಲೆಕಾಯಿ ಹಿಟ್ಟಿನ ಅಫ್ಲಾಟಾಕ್ಸಿನ್ ನಾಶ ಮಾಡುವ ವಿಧಾನವನ್ನು ಪ್ರಕಟಿಸಿದರು.

ಈ ವಿಷ ಕೋಶದೊಳಗೆ ಎಲ್ಲಿ ಕಚ್ಚುತ್ತದೆ ಎಂಬುದು 1991ರಲ್ಲಿ ಗೊತ್ತಾಯಿತು. ನಮ್ಮ ಪ್ರತಿ ಕೋಶದಲ್ಲೂ ಪಿ53 ಎಂಬ ಪ್ರೋಟೀನು ಕಾವಲುಗಾರನ ಕೆಲಸ ಮಾಡುತ್ತದೆ. ಡಿಎನ್‌ಎ ಕೆಟ್ಟಿದ್ದರೆ ಕೋಶ ಒಡೆಯುವುದನ್ನು ತಡೆಯುತ್ತದೆ, ತೀರಾ ಕೆಟ್ಟಿದ್ದರೆ ಕೋಶವನ್ನೇ ಸಾಯಿಸುತ್ತದೆ. ಅಫ್ಲಾಟಾಕ್ಸಿನ್ ಹೆಚ್ಚಾಗಿರುವ ಪ್ರದೇಶಗಳ ಲಿವರ್ ಕ್ಯಾನ್ಸರ್ ರೋಗಿಗಳಲ್ಲಿ ಈ ಪಿ53 ಜೀನಿನ 249ನೇ ಸ್ಥಾನದಲ್ಲಿ ಮತ್ತೆ ಮತ್ತೆ ಒಂದೇ ಬಗೆಯ ತಪ್ಪು ಕಂಡಿತು. ಕಳ್ಳ ತನ್ನ ಬೆರಳಚ್ಚು ಬಿಟ್ಟು ಹೋದಂತೆ. ಹೆಪಟೈಟಿಸ್ ಬಿ ಇರುವವರಿಗೆ ಅಫ್ಲಾಟಾಕ್ಸಿನ್ ಕೂಡ ಸೇರಿದರೆ ಅಪಾಯ ಹಲವು ಪಟ್ಟು ಏರುತ್ತದೆ. ಬೂಷ್ಟು ಹಿಡಿದ ಕಡಲೆಕಾಯಿಯನ್ನು “ಹುರಿದರೆ ಸರಿಹೋಗುತ್ತದೆ” ಎಂದು ಇಟ್ಟುಕೊಳ್ಳಬೇಡಿ. ಮನೆಯ ಬಾಣಲೆಯ ಶಾಖಕ್ಕೆ ಈ ವಿಷ ಪೂರ್ತಿ ಹೋಗುವುದಿಲ್ಲ.

ಕೋಶ ಗುಂಪು ಬಿಟ್ಟು ಹೊರಡುವುದು

ಗಡ್ಡೆ ಹುಟ್ಟುವುದು ಒಂದು ಕತೆ, ಹರಡುವುದು ಇನ್ನೊಂದು. ಲಿವರಿನ ಕೋಶ ಸ್ವಭಾವತಃ ಓಡಾಡುವ ಜಾತಿಯದಲ್ಲ. ಇಟ್ಟಿಗೆ ಗೋಡೆಯಲ್ಲಿ ಕೂತಂತೆ ಅಕ್ಕಪಕ್ಕದವರನ್ನು ಹಿಡಿದುಕೊಂಡು ಕೂತಿರುತ್ತದೆ. ಈ ಹಿಡಿತದ ಗಾರೆ ಎಂದರೆ ಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನು. ಒಂದು ಕೋಶದ ಇ-ಕ್ಯಾಡ್‌ಹೆರಿನ್ ಪಕ್ಕದ ಕೋಶದ್ದನ್ನು ಕೊಕ್ಕೆ ಹಾಕಿದಂತೆ ಹಿಡಿದಿರುತ್ತದೆ.

ಸಿರೋಸಿಸ್ ಆದ ಲಿವರಿನಲ್ಲಿ ಕಲೆ ಕಟ್ಟುವ ಕೆಲಸಕ್ಕೆ ಟಿಜಿಎಫ್-ಬೀಟಾ ಎಂಬ ಸಂದೇಶ ಪ್ರೋಟೀನು ಯಥೇಚ್ಛವಾಗಿ ಹರಿದಾಡುತ್ತಿರುತ್ತದೆ. ಶುರುವಿನಲ್ಲಿ ಇದು ಒಳ್ಳೆಯದೇ. ಕೋಶಗಳು ಮಿತಿಮೀರಿ ಬೆಳೆಯದಂತೆ ತಡೆಯುತ್ತದೆ. ಆದರೆ ಕೆಟ್ಟ ಕೋಶ ಆ ತಡೆಯನ್ನು ಕೇಳುವ ಕಿವಿ ಕಳೆದುಕೊಂಡಿರುತ್ತದೆ. ಅದಕ್ಕೆ ಅದೇ ಸಂದೇಶ ಬೇರೆಯೇ ಆಗಿ ಕೇಳಿಸುತ್ತದೆ: “ಎದ್ದು ಹೊರಡು.” ಕೋಶದೊಳಗೆ ಸ್ನೇಲ್, ಸ್ಲಗ್, ಟ್ವಿಸ್ಟ್ ಎಂಬ ತಮಾಷೆಯ ಹೆಸರಿನ ಕೆಲವು ಸ್ವಿಚ್ಚುಗಳು ಆನ್ ಆಗುತ್ತವೆ. ಹುಳುಗಳ ಹೆಸರು ಇಟ್ಟುಕೊಂಡಿವೆ ಎಂದು ನಗಬೇಡಿ. ಇವು ಇ-ಕ್ಯಾಡ್‌ಹೆರಿನ್ ತಯಾರಿಕೆಯನ್ನೇ ನಿಲ್ಲಿಸಿಬಿಡುತ್ತವೆ. ಗಾರೆ ಉದುರುತ್ತದೆ. ಅದರ ಬದಲು ವೈಮೆಂಟಿನ್‌ನಂಥ, ಓಡಾಡುವ ಕೋಶಗಳಲ್ಲಿರುವ ಪ್ರೋಟೀನು ಬರುತ್ತದೆ. ಚೌಕವಾಗಿದ್ದ ಕೋಶ ಉದ್ದಕ್ಕೆ ಚಾಚಿ ತೆವಳಲು ಶುರುಮಾಡುತ್ತದೆ.

ಗಮನಿಸಬೇಕಾದ ಮಾತೆಂದರೆ, ಈ ಸ್ವಿಚ್ಚುಗಳು ಕ್ಯಾನ್ಸರಿಗಾಗಿ ಹುಟ್ಟಿಕೊಂಡವಲ್ಲ. ತಾಯಿಯ ಗರ್ಭದಲ್ಲಿ ಭ್ರೂಣ ರೂಪುಗೊಳ್ಳುವಾಗ ಕೋಶಗಳು ಒಂದೆಡೆಯಿಂದ ಇನ್ನೊಂದೆಡೆಗೆ ಹೋಗಿ ಅಂಗಗಳನ್ನು ಕಟ್ಟಬೇಕಲ್ಲ, ಆಗ ಬಳಸಿದ ಹಳೆಯ ಸಲಕರಣೆ ಅದು. ಕೆಲಸ ಮುಗಿದ ಮೇಲೆ ಅಟ್ಟಕ್ಕೆ ಹಾಕಿಟ್ಟದ್ದನ್ನು ಕ್ಯಾನ್ಸರ್ ಕೆಳಗಿಳಿಸಿಕೊಳ್ಳುತ್ತದೆ.

ಬಿಡಿಸಿಕೊಂಡ ಕೋಶದ ಸುತ್ತ ಇನ್ನೂ ಬೇಲಿ ಇದೆ. ಕೊಲ್ಯಾಜೆನ್‌ನಂಥ ನಾರುಗಳ ಬಲೆ ಅದು. ಅದನ್ನು ಕತ್ತರಿಸಲು ಎಂಎಂಪಿ ಎಂಬ ಕಿಣ್ವಗಳು ಬೇಕು. ಅದರಲ್ಲೂ ಎಂಎಂಪಿ-2 ಮತ್ತು ಎಂಎಂಪಿ-9 ಈ ಕೆಲಸದಲ್ಲಿ ಪಳಗಿದ ಕತ್ತರಿಗಳು. ಇನ್ನೊಂದು ಕಡೆ, ಬೆಳೆಯುತ್ತಿರುವ ಗಡ್ಡೆಯ ನಡುವಿಗೆ ಆಮ್ಲಜನಕ ಸಾಲುವುದಿಲ್ಲ. ಉಸಿರುಕಟ್ಟಿದ ಕೋಶಗಳಲ್ಲಿ ಎಚ್‌ಐಎಫ್-1 ಎಂಬ ಎಚ್ಚರಿಕೆಯ ಗಂಟೆ ಹೊಡೆದು, ಅವು ವಿಇಜಿಎಫ್ ಎಂಬ ಪ್ರೋಟೀನನ್ನು ಹೊರಗೆ ಬಿಡುತ್ತವೆ. ಅದು ಹೊಸ ರಕ್ತನಾಳಗಳನ್ನು ಕರೆಯುವ ಓಲೆ. ಹಾಗೆ ಅವಸರದಲ್ಲಿ ಬಂದ ರಕ್ತನಾಳಗಳು ಸೋರುವ ಕೊಳವೆಗಳಂತಿರುತ್ತವೆ. ಕ್ಯಾನ್ಸರ್ ಕೋಶಗಳಿಗೆ ಒಳನುಸುಳಲು ಅದೇ ಅನುಕೂಲ.

ಕುತೂಹಲದ ಸಂಗತಿ: ಲಿವರಿನ ಮುಕ್ಕಾಲು ಪಾಲು ರಕ್ತ ಪೋರ್ಟಲ್ ಅಭಿಧಮನಿಯದು ಎಂದೆವು. ಆದರೆ ಕ್ಯಾನ್ಸರ್ ಗಡ್ಡೆ ಹೆಚ್ಚೂಕಡಿಮೆ ಪೂರ್ತಿ ಅಪಧಮನಿಯ ರಕ್ತವನ್ನೇ ಕುಡಿದು ಬೆಳೆಯುತ್ತದೆ. ಈ ಒಂದು ವ್ಯತ್ಯಾಸದಿಂದಲೇ ವೈದ್ಯರು ಅದನ್ನು ಸ್ಕ್ಯಾನಿಂಗ್‌ನಲ್ಲಿ ಗುರುತಿಸುತ್ತಾರೆ. ತೊಡೆಯ ಅಥವಾ ಕೈಯ ರಕ್ತನಾಳದ ಮೂಲಕ ಸಣ್ಣ ನಳಿಗೆ ಕಳಿಸಿ, ಗಡ್ಡೆಗೆ ಹೋಗುವ ಅಪಧಮನಿಗೆ ಔಷಧಿ ಹಾಕಿ ಅದನ್ನು ಮುಚ್ಚುವ ಚಿಕಿತ್ಸೆಯೂ ಇದನ್ನೇ ನಂಬಿಕೊಂಡಿದೆ. ಗಡ್ಡೆಗೆ ಊಟ ನಿಲ್ಲುತ್ತದೆ, ಉಳಿದ ಲಿವರ್ ಪೋರ್ಟಲ್ ರಕ್ತದಲ್ಲಿ ಬದುಕುತ್ತದೆ.

ಮೊದಲ ಪಯಣ ಮನೆಯೊಳಗೇ

ಬೇರೆ ಕ್ಯಾನ್ಸರ್‌ಗಳಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಲಿವರ್ ಕ್ಯಾನ್ಸರ್ ಮೊದಲು ಹರಡುವುದು ಸಾಮಾನ್ಯವಾಗಿ ಲಿವರಿನೊಳಗೇ. ಕೋಶಗಳು ಪೋರ್ಟಲ್ ಅಭಿಧಮನಿಯ ಕವಲುಗಳಿಗೆ ನುಗ್ಗುತ್ತವೆ. ಅಲ್ಲಿಂದ ರಕ್ತದ ಜೊತೆ ಲಿವರಿನ ಇನ್ನೊಂದು ಮೂಲೆಗೆ ಹೋಗಿ ಕೂರುತ್ತವೆ. ಕೆಲವೊಮ್ಮೆ ಗಡ್ಡೆಯೇ ರಕ್ತನಾಳದೊಳಗೆ ಬಳ್ಳಿಯಂತೆ ಬೆಳೆದು ಅದನ್ನು ಮುಚ್ಚಿಬಿಡುತ್ತದೆ. ಆಗ ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತ ವಾಂತಿ ಮುಂತಾದ ತೊಂದರೆಗಳು ಬಿಗಡಾಯಿಸುತ್ತವೆ.

ಈ ಒಂದು ಸಂಗತಿ ಎಷ್ಟು ನಿರ್ಣಾಯಕ ಎಂಬುದಕ್ಕೆ ಲಿವರ್ ಕಸಿಯ ನಿಯಮ ನೋಡಿ. 1996ರಲ್ಲಿ ಇಟಲಿಯ ಮಿಲಾನ್ ನಗರದ ವೈದ್ಯರು ಒಂದು ಅಳತೆ ಹಾಕಿಕೊಟ್ಟರು. ಗಡ್ಡೆ ಒಂದೇ ಇದ್ದು 5 ಸೆಂಟಿಮೀಟರ್ ಒಳಗಿರಬೇಕು, ಇಲ್ಲವೇ ಮೂರರವರೆಗೆ ಇದ್ದು ಪ್ರತಿಯೊಂದೂ 3 ಸೆಂಟಿಮೀಟರ್ ಒಳಗಿರಬೇಕು. ಜೊತೆಗೆ ರಕ್ತನಾಳಕ್ಕೆ ನುಗ್ಗಿರಬಾರದು. ಹೀಗೆ ಆಯ್ದು ಕಸಿ ಮಾಡಿದವರಲ್ಲಿ ಸುಮಾರು ನೂರಕ್ಕೆ 75 ಮಂದಿ ನಾಲ್ಕು ವರ್ಷದ ನಂತರವೂ ಬದುಕಿದ್ದರು. ಈ ಅಳತೆ ಇಂದಿಗೂ ಬಳಕೆಯಲ್ಲಿದೆ. 4 ಸೆಂಟಿಮೀಟರ್ ಗಡ್ಡೆ “ಸ್ವಲ್ಪ ದಿನ ನೋಡೋಣ” ಎನ್ನುತ್ತಾ 6 ಆಗುವುದರ ನಡುವೆ ಏನು ಕಳೆದುಹೋಗುತ್ತದೆ ಎಂದು ಇದರಿಂದ ಅರ್ಥವಾಗುತ್ತದೆ.

ಎಲ್ಲ ಬೀಜವೂ ಮೊಳೆಯುವುದಿಲ್ಲ

ಲಿವರಿನಿಂದ ಹೊರಬಿದ್ದ ರಕ್ತ ಹೃದಯದ ಬಲಭಾಗಕ್ಕೆ ಹೋಗಿ, ಅಲ್ಲಿಂದ ನೇರ ಶ್ವಾಸಕೋಶಕ್ಕೆ. ಆದ್ದರಿಂದ ಲಿವರಿನಾಚೆ ಈ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದು ಶ್ವಾಸಕೋಶದಲ್ಲಿ. ಆಮೇಲೆ ದುಗ್ಧಗ್ರಂಥಿಗಳು, ಮೂಳೆ, ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ.

ಆದರೆ ರಕ್ತಕ್ಕೆ ಬಿದ್ದ ಕೋಶಗಳೆಲ್ಲ ಬೇರೂರುತ್ತವೆ ಎಂದುಕೊಳ್ಳಬೇಡಿ. ರಕ್ತದ ರಭಸಕ್ಕೆ ಸಿಕ್ಕಿ ಒಡೆದುಹೋಗುತ್ತವೆ, ರೋಗನಿರೋಧಕ ಕೋಶಗಳು ಹಿಡಿದು ತಿನ್ನುತ್ತವೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಹೀಗೆ ಹೊರಟ ಕೋಶಗಳಲ್ಲಿ ತೀರಾ ಸಣ್ಣ ಪಾಲು ಮಾತ್ರ ಹೊಸ ಗಡ್ಡೆಯಾಗಬಲ್ಲದು ಎಂದು ಕಂಡಿದೆ. 1889ರಲ್ಲೇ ಲಂಡನ್ನಿನ ಸ್ಟೀಫನ್ ಪ್ಯಾಜೆಟ್ ಎಂಬ ಶಸ್ತ್ರವೈದ್ಯ, ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಹಿಳೆಯರ ದಾಖಲೆ ನೋಡಿ, ಕ್ಯಾನ್ಸರ್ ಮನಬಂದಂತೆ ಹರಡುವುದಿಲ್ಲ, ಕೆಲವು ಅಂಗಗಳನ್ನೇ ಆಯ್ದುಕೊಳ್ಳುತ್ತದೆ ಎಂದು ಬರೆದ. ಬೀಜ ಎಲ್ಲ ಕಡೆ ಉದುರುತ್ತದೆ, ಮೊಳೆಯುವುದು ಒಗ್ಗುವ ನೆಲದಲ್ಲಿ ಮಾತ್ರ ಎಂಬುದು ಅವನ ವಾದ. ಎರಚಿದ ರಾಗಿ ರಸ್ತೆಯ ಟಾರಿನ ಮೇಲೂ ಬೀಳುತ್ತದೆ, ಹದವಾದ ಹೊಲದಲ್ಲೂ ಬೀಳುತ್ತದೆ. ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನೆಲ ಒಗ್ಗುವುದು ಎಂದರೆ ಏನು ಎಂಬುದಕ್ಕೆ ಈಗ ಅಣುಮಟ್ಟದ ಉತ್ತರಗಳಿವೆ. ಅನೇಕ ಕ್ಯಾನ್ಸರ್ ಕೋಶಗಳ ಮೈಮೇಲೆ ಸಿಎಕ್ಸ್‌ಸಿಆರ್4 ಎಂಬ ಮೂಗು ಇರುತ್ತದೆ. ಶ್ವಾಸಕೋಶ, ಮೂಳೆ ಮಜ್ಜೆ ಮುಂತಾದ ಅಂಗಗಳು ಬಿಡುವ ಸಿಎಕ್ಸ್‌ಸಿಎಲ್12 ಎಂಬ ವಾಸನೆಯನ್ನು ಅದು ಹಿಡಿಯುತ್ತದೆ. ವಾಸನೆ ಬಂದ ಕಡೆ ಕೋಶ ನಡೆಯುತ್ತದೆ. ಕೆಲವು ಗಡ್ಡೆಗಳು ಪಿಡಿ-ಎಲ್1 ಎಂಬ ಪ್ರೋಟೀನನ್ನು ಮೈಮೇಲೆ ತೋರಿಸಿ, ಹಿಡಿಯಲು ಬಂದ ರೋಗನಿರೋಧಕ ಕೋಶಕ್ಕೆ “ನಾನು ನಿಮ್ಮವನೇ” ಎಂದು ನಕಲಿ ಗುರುತಿನ ಚೀಟಿ ತೋರಿಸಿದಂತೆ ಮಾಡುತ್ತವೆ.

ಹಾಗಾದರೆ ಸೂಜಿ?

ಇಷ್ಟು ಓದಿದ ಮೇಲೆ ಫಾರ್ವರ್ಡಿನ ಮಾತು ನೀವೇ ತೂಗಬಹುದು. ಕ್ಯಾನ್ಸರ್ ಮೈಗೆಲ್ಲ ಹರಡಲು ಗಾರೆ ಉದುರಬೇಕು, ಬೇಲಿ ಕತ್ತರಿಸಬೇಕು, ರಕ್ತದಲ್ಲಿ ಬದುಕಬೇಕು, ಒಗ್ಗುವ ನೆಲ ಸಿಗಬೇಕು. ಇದು ಸೂಜಿ ಒಂದು ಕ್ಷಣದಲ್ಲಿ ಮಾಡಿಕೊಡುವ ಕೆಲಸವಲ್ಲ. ಯಾವ ಸೂಜಿಯೂ ತಾಗದ ಗಡ್ಡೆಗಳು ತಾವಾಗಿಯೇ ಇದನ್ನೆಲ್ಲ ಮಾಡಿಕೊಳ್ಳುತ್ತಿರುತ್ತವೆ.

ಇನ್ನು ಆ ಒಂದು ಚೂರು ಸತ್ಯ. ಸೂಜಿ ಹೊರಬರುವಾಗ ಅದರ ದಾರಿಯಲ್ಲಿ, ಅಂದರೆ ಹೊಟ್ಟೆಯ ಗೋಡೆಯ ಸ್ನಾಯುವಿನಲ್ಲೋ ಚರ್ಮದಡಿಯಲ್ಲೋ, ಕೆಲವು ಕೋಶಗಳು ಉಳಿದು ಅಲ್ಲಿ ಸಣ್ಣ ಗಂಟಾಗುವುದು ಲಿವರ್ ಕ್ಯಾನ್ಸರಿನಲ್ಲಿ ದಾಖಲಾಗಿದೆ. 2008ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಇದು ನೂರರಲ್ಲಿ ಮೂವರಿಗಿಂತ ಕಡಿಮೆ ಜನರಲ್ಲಿ, ಸುಮಾರು ಶೇಕಡ 2.7ರಷ್ಟು ಕಂಡಿತು. ಹೊರಗೊಂದು ಕೊಳವೆ, ಅದರೊಳಗೆ ಸೂಜಿ ಎಂಬ ಈಗಿನ ವಿಧಾನದಲ್ಲಿ ಈ ಅಪಾಯ ಇನ್ನೂ ತಗ್ಗುತ್ತದೆ. ಅಲ್ಲಿ ಗಂಟು ಬಂದರೂ ಬಹುತೇಕ ಅದನ್ನು ಕತ್ತರಿಸಿ ತೆಗೆಯಬಹುದು. “ಸೂಜಿ ತಾಗಿದರೆ ಮೈಗೆಲ್ಲ” ಎಂಬುದಕ್ಕೂ ಇದಕ್ಕೂ ಅಜಗಜಾಂತರ.

ಈ ಸಣ್ಣ ಅಪಾಯವನ್ನೂ ವೈದ್ಯರು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಸಿರೋಸಿಸ್ ಇರುವವರಲ್ಲಿ, ಡೈ ಹಾಕಿ ಮಾಡುವ ಸಿಟಿ ಅಥವಾ ಎಂಆರ್‌ಐ ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಮೊದಲು ಹೊಳೆದು, ನಂತರ ಸುತ್ತಲಿನ ಲಿವರಿಗಿಂತ ಬೇಗ ಮಂಕಾದರೆ, ಬಯಾಪ್ಸಿ ಇಲ್ಲದೆಯೇ ಎಚ್‌ಸಿಸಿ ಎಂದು ಹೇಳಬಹುದು. ಅಪಧಮನಿಯ ರಕ್ತ ಕುಡಿಯುವ ಗಡ್ಡೆ ಎಂದೆವಲ್ಲ, ಅದರದೇ ಗುರುತು ಇದು. ದೇಹದ ಬೇರೆ ಹೆಚ್ಚಿನ ಕ್ಯಾನ್ಸರ್‌ಗಳಿಗೆ ಈ ಅನುಕೂಲವಿಲ್ಲ. ಹಾಗಾಗಿ ನಿಮ್ಮ ಪರಿಚಯದವರಿಗೆ ಬಯಾಪ್ಸಿ ಮಾಡದೆ ಚಿಕಿತ್ಸೆ ಶುರುಮಾಡಿದ್ದರೆ ಅದು ಫಾರ್ವರ್ಡ್ ನಿಜ ಎಂದಲ್ಲ. ಸ್ಕ್ಯಾನಿಂಗ್ ಸ್ಪಷ್ಟವಾಗಿತ್ತು ಎಂದು. ಸ್ಪಷ್ಟವಿಲ್ಲದಾಗ, ಅಥವಾ ಸಿರೋಸಿಸ್ ಇಲ್ಲದವರಲ್ಲಿ, ಸೂಜಿ ಹಾಕಿ ನೋಡದೆ ವಿಧಿಯಿಲ್ಲ. ಅದು ಎಚ್‌ಸಿಸಿಯೋ, ಕರುಳಿನಿಂದ ಬಂದದ್ದೋ, ಕ್ಯಾನ್ಸರೇ ಅಲ್ಲದ ಗಡ್ಡೆಯೋ ಎಂಬುದು ಗೊತ್ತಾಗದೆ ಔಷಧಿ ಕೊಡುವುದು ಕತ್ತಲಲ್ಲಿ ಕಲ್ಲು ಹೊಡೆದಂತೆ. ಡಾಕ್ಟರನ್ನು “ಬಯಾಪ್ಸಿ ಯಾಕೆ ಬೇಕು, ಸ್ಕ್ಯಾನಿಂಗ್ ಸಾಲದೆ?” ಎಂದು ಧಾರಾಳವಾಗಿ ಕೇಳಿ. ಅದು ಸರಿಯಾದ ಪ್ರಶ್ನೆ.

ಗಾಳಿ ತಾಗುವ ಮಾತಿಗೆ ಆಧಾರವಿಲ್ಲ. “ತೆರೆದು ನೋಡಿದರು, ಹಾಗೇ ಹೊಲಿದುಬಿಟ್ಟರು, ಎರಡು ತಿಂಗಳಲ್ಲಿ ಹೋದರು” ಎಂಬ ಕತೆಗಳಿಂದ ಇದು ಹುಟ್ಟಿರಬೇಕು. ಇಂದಿನಂಥ ಸ್ಕ್ಯಾನಿಂಗ್ ಇಲ್ಲದ ಕಾಲದಲ್ಲಿ ಹೊಟ್ಟೆ ತೆರೆದ ಮೇಲಷ್ಟೇ ರೋಗ ಎಷ್ಟು ಹರಡಿದೆ ಎಂದು ಗೊತ್ತಾಗುತ್ತಿತ್ತು. ಹರಡಿದ್ದರಿಂದ ಹೊಲಿದರು. ಜನ ಅದನ್ನು ತಿರುಗಿಸಿ ಹೇಳಿದರು.

ಮಾನಸಗಂಗೋತ್ರಿಯ ಅಣು ಮತ್ತು ಮನೆಯ ಅರಿಶಿನ

“ಮೈಸೂರು ವಿಜ್ಞಾನಿಗಳು ಕ್ಯಾನ್ಸರಿಗೆ ಮದ್ದು ಕಂಡುಹಿಡಿದರು” ಎಂಬ ಬಗೆಯ ಶೀರ್ಷಿಕೆಗಳನ್ನೂ ನೀವು ನೋಡಿರುತ್ತೀರಿ. ಇಂಥವುಗಳ ಹಿಂದೆ ಏನಿರುತ್ತದೆ ಎಂಬುದಕ್ಕೆ ಒಂದು ನಿಜವಾದ ಉದಾಹರಣೆ ತೆಗೆದುಕೊಳ್ಳೋಣ. ಊತವಿರುವ ಲಿವರಿನಲ್ಲಿ ಐಎಲ್-6 ಎಂಬ ಸಂದೇಶ ಪ್ರೋಟೀನು ಹೆಚ್ಚುತ್ತದೆ. ಅದು ಕೋಶದೊಳಗೆ ಸ್ಟ್ಯಾಟ್3 ಎಂಬ ಇನ್ನೊಂದು ಸ್ವಿಚ್ಚನ್ನು ಒತ್ತುತ್ತದೆ. ಮಾಮೂಲಿ ಕೋಶದಲ್ಲಿ ಅದು ಸ್ವಲ್ಪ ಹೊತ್ತು ಆನ್ ಆಗಿ ಆಫ್ ಆಗುತ್ತದೆ. ಅನೇಕ ಲಿವರ್ ಕ್ಯಾನ್ಸರ್‌ಗಳಲ್ಲಿ ಅದು ಆನ್ ಆಗಿಯೇ ಉಳಿದು, ಮೇಲೆ ಹೇಳಿದ ಕತ್ತರಿ, ಓಲೆ, ಟ್ವಿಸ್ಟ್ ಎಲ್ಲಕ್ಕೂ ಕುಮ್ಮಕ್ಕು ಕೊಡುತ್ತದೆ.

2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರಜ್ಞರು, ಆಗ ಕುಲಪತಿಯೂ ಆಗಿದ್ದ ಪ್ರೊ. ಕೆ.ಎಸ್. ರಂಗಪ್ಪ ಅವರನ್ನೊಳಗೊಂಡ ತಂಡ, ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾನಿಲಯದವರ ಜೊತೆ ಸೇರಿ, ಅಜಾಸ್ಪೈರೇನ್ ಎಂಬ ಗುಂಪಿನ ಒಂದು ಹೊಸ ಅಣು ಈ ಸ್ಟ್ಯಾಟ್3 ದಾರಿಯನ್ನು ತಡೆಯುತ್ತದೆ ಎಂದು ‘ಜರ್ನಲ್ ಆಫ್ ಬಯಲಾಜಿಕಲ್ ಕೆಮಿಸ್ಟ್ರಿ’ಯಲ್ಲಿ ಪ್ರಕಟಿಸಿದರು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಲಿವರ್ ಕ್ಯಾನ್ಸರ್ ಕೋಶಗಳಲ್ಲೂ, ಗಡ್ಡೆ ಕಸಿಮಾಡಿದ ಇಲಿಗಳಲ್ಲೂ ಅದು ಕೆಲಸ ಮಾಡಿತು. ನಮ್ಮೂರಿನ ಹೆಮ್ಮೆಯ ಕೆಲಸವೇ. ಆದರೆ ತಟ್ಟೆಯಿಂದ ಇಲಿಗೆ, ಇಲಿಯಿಂದ ಮನುಷ್ಯನಿಗೆ ಬರುವ ಹಾದಿಯಲ್ಲಿ ಇಂಥ ಅಣುಗಳಲ್ಲಿ ಬಹುಪಾಲು ಉದುರಿಹೋಗುತ್ತವೆ. ಸಂಶೋಧಕರಿಗೆ ಅದು ಗೊತ್ತು. ಶೀರ್ಷಿಕೆ ಬರೆಯುವವರು ಮರೆಯುತ್ತಾರೆ.

ಅರಿಶಿನದ ಕತೆಯೂ ಇದೇ ತಟ್ಟೆಯಲ್ಲಿ ಶುರುವಾಗುತ್ತದೆ. ಅದರಲ್ಲಿರುವ ಕರ್ಕ್ಯುಮಿನ್ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕುಗ್ಗಿಸುತ್ತದೆ, ಸ್ಟ್ಯಾಟ್3 ಕೂಡ ತಡೆಯುತ್ತದೆ. ಆದರೆ ಕುಡಿದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಸೇರಿದ್ದನ್ನೂ ಲಿವರೇ ಬೇಗ ಬದಲಾಯಿಸಿ ಹೊರಹಾಕುತ್ತದೆ. ಮನುಷ್ಯರಲ್ಲಿ ಲಿವರ್ ಗಡ್ಡೆಯನ್ನು ಅರಿಶಿನ ಕರಗಿಸಿದ ಪುರಾವೆ ಇಲ್ಲ. ಸಾರಿಗೆ ಹಾಕುವ ಅರಿಶಿನದಿಂದ ತೊಂದರೆಯಿಲ್ಲ. ತೊಂದರೆ ಇರುವುದು ಹೆಚ್ಚು ಹೀರುವಂತೆ ಮೆಣಸಿನ ಸತ್ವ ಸೇರಿಸಿದ ಅರಿಶಿನ ಮಾತ್ರೆಗಳಲ್ಲಿ. ಅವುಗಳಿಂದ ಲಿವರಿಗೇ ಪೆಟ್ಟಾದ ಪ್ರಕರಣಗಳನ್ನು ಅಮೆರಿಕದ ವೈದ್ಯರು ದಾಖಲಿಸಿದ್ದಾರೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದು ಲಿವರ್ ಊದಿಕೊಂಡವರ ವರದಿ ಮುಂಬೈಯಿಂದಲೂ ಬಂದಿತ್ತು, ಅದರ ಬಗ್ಗೆ ವಾದವಿವಾದವೂ ನಡೆಯಿತು. ಮೊದಲೇ ಸೋತಿರುವ ಲಿವರಿನ ಮೇಲೆ ಇಂಥ ಪ್ರಯೋಗ ಬೇಡ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

(ಕಾಫಿಪ್ರಿಯ ಮೈಸೂರಿಗರಿಗೆ ಒಂದು ಸಮಾಧಾನ: ಕಾಫಿ ಕುಡಿಯುವವರಲ್ಲಿ ಲಿವರ್ ಕ್ಯಾನ್ಸರ್ ಕಡಿಮೆ ಎಂದು ಹಲವು ಅಧ್ಯಯನಗಳು ಹೇಳಿವೆ, 2016ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೂ ಅದನ್ನು ಗುರುತಿಸಿತು. ಅದು ಚಿಕಿತ್ಸೆಯಲ್ಲ. ಇದನ್ನೇ ಇನ್ನೊಂದು ಫಾರ್ವರ್ಡ್ ಮಾಡಬೇಡಿ!)

ದಾರಿ ತಡೆಯುವ ಔಷಧಿಗಳು

ಹರಡುವ ದಾರಿ ಗೊತ್ತಾದದ್ದರಿಂದ ಸಿಕ್ಕ ಮೊದಲ ಔಷಧಿ ಸೊರಾಫೆನಿಬ್. ವಿಇಜಿಎಫ್ ಓಲೆಯನ್ನು ಓದುವ ಗ್ರಾಹಕಗಳನ್ನು ಇದು ಮುಚ್ಚುತ್ತದೆ. 2008ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಬೇರೆ ದಾರಿಯಿಲ್ಲದ ರೋಗಿಗಳ ಸರಾಸರಿ ಬದುಕು ಸುಮಾರು 8 ತಿಂಗಳಿಂದ ಸುಮಾರು 11 ತಿಂಗಳಿಗೆ ಏರಿತು. ಮೂರು ತಿಂಗಳೇ ಎಂದು ಮೂಗು ಮುರಿಯಬಹುದು. ಅದಕ್ಕೂ ಮೊದಲು ಅದೂ ಇರಲಿಲ್ಲ.

ಭಾರತದಲ್ಲಿ ಈ ಮಾತ್ರೆಗೆ ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ಇತ್ತು. ಮಾರ್ಚ್ 2012ರಲ್ಲಿ ಭಾರತದ ಪೇಟೆಂಟ್ ನಿಯಂತ್ರಕರು, ಈ ಬೆಲೆಗೆ ಔಷಧಿ ಜನರಿಗೆ ಎಟಕುತ್ತಿಲ್ಲ ಎಂದು, ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಅದನ್ನು ತಯಾರಿಸಲು ಕಡ್ಡಾಯ ಪರವಾನಗಿ ಕೊಟ್ಟರು. ದೇಶದಲ್ಲಿ ಅಂಥ ಪರವಾನಗಿ ಅದೇ ಮೊದಲು. ಬೆಲೆ ತಿಂಗಳಿಗೆ ಸುಮಾರು 8,800 ರೂಪಾಯಿಗೆ ಇಳಿಯಿತು. ಪೇಟೆಂಟ್ ಹೊಂದಿದ್ದ ಬೇಯರ್ ಕಂಪನಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು, ಆದೇಶ ಉಳಿಯಿತು. ಲಿವರ್ ಕ್ಯಾನ್ಸರಿನ ಇತಿಹಾಸದಲ್ಲಿ ನಮ್ಮ ದೇಶದ ಹೆಸರು ಹೀಗೂ ಸೇರಿಕೊಂಡಿದೆ. 2020ರಲ್ಲಿ, ಪಿಡಿ-ಎಲ್1 ಎಂಬ ನಕಲಿ ಚೀಟಿಯನ್ನು ಕಿತ್ತುಕೊಳ್ಳುವ ಅಟೆಜೊಲಿಜುಮ್ಯಾಬ್ ಮತ್ತು ವಿಇಜಿಎಫ್ ಓಲೆಯನ್ನು ಹಿಡಿಯುವ ಬೆವಾಸಿಜುಮ್ಯಾಬ್ ಜೋಡಿ ಸೊರಾಫೆನಿಬ್‌ಗಿಂತ ಮೇಲು ಎಂದು ತೋರಿತು. ಆ ಜೋಡಿಯ ಖರ್ಚು ಮಾತ್ರ ಇನ್ನೂ ಸಾಮಾನ್ಯರ ಕೈಗೆ ಸುಲಭವಲ್ಲ.

ಇದು ಅಂಟುತ್ತದೆಯೇ?

ರೋಗಿಯ ತಟ್ಟೆ, ಲೋಟ ಬೇರೆ ಇಡುವ ಮನೆಗಳಿವೆ. ಕ್ಯಾನ್ಸರ್ ಅಂಟುವುದಿಲ್ಲ. ನಿಮ್ಮ ದೇಹಕ್ಕೆ ಇನ್ನೊಬ್ಬರ ಕೋಶ ಬಂದರೆ ರೋಗನಿರೋಧಕ ವ್ಯವಸ್ಥೆ ಪರಕೀಯ ಎಂದು ಗುರುತಿಸಿ ಮುಗಿಸುತ್ತದೆ. ಆದರೆ ಆ ಕ್ಯಾನ್ಸರಿನ ಹಿಂದೆ ಹೆಪಟೈಟಿಸ್ ಬಿ ಇದ್ದರೆ ಆ ವೈರಸ್ ಅಂಟುತ್ತದೆ. ಅದೂ ತಟ್ಟೆ ಲೋಟದಿಂದಲ್ಲ. ರಕ್ತ, ಲೈಂಗಿಕ ಸಂಪರ್ಕ, ಹಂಚಿಕೊಂಡ ಬ್ಲೇಡು ಸೂಜಿ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ. ಹುಟ್ಟಿದಾಗ ಅಂಟಿದರೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಜೀವನಪರ್ಯಂತ ಉಳಿಯುತ್ತದೆ. ಅದಕ್ಕೇ ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ ಕೊಡುವುದು. ತೈವಾನ್ 1984ರಲ್ಲಿ ನವಜಾತ ಶಿಶುಗಳಿಗೆ ಈ ಲಸಿಕೆ ಆರಂಭಿಸಿತು. 1997ರ ಹೊತ್ತಿಗೆ ಅಲ್ಲಿನ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಇಳಿದಿರುವುದು ದಾಖಲಾಯಿತು. ಲಸಿಕೆಯೊಂದು ಕ್ಯಾನ್ಸರನ್ನು ತಡೆದ ಮೊದಲ ಸ್ಪಷ್ಟ ಉದಾಹರಣೆ ಅದು.

ಮನೆಯಲ್ಲಿ ಯಾರಿಗಾದರೂ ಎಚ್‌ಸಿಸಿ ಇದ್ದರೆ ಅವರ ಹೆಪಟೈಟಿಸ್ ಬಿ, ಸಿ ವರದಿ ಏನು ಎಂದು ಕೇಳಿ ತಿಳಿದುಕೊಳ್ಳಿ. ಬಿ ಇದ್ದರೆ ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರು ಎಚ್‌ಬಿಎಸ್‌ಎಜಿ ಎಂಬ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ವೈರಸ್ ಇಲ್ಲದವರಿಗೆ ಲಸಿಕೆ, ಇರುವವರಿಗೆ ವೈದ್ಯರ ನಿಗಾ ಮತ್ತು ಅಗತ್ಯವಿದ್ದರೆ ಮಾತ್ರೆ. 2018ರ ಜುಲೈನಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಈ ಪರೀಕ್ಷೆ ಮತ್ತು ಔಷಧಿ ಉಚಿತ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಯಾವ ಕಾರಣದಿಂದಲೇ ಆಗಲಿ ಸಿರೋಸಿಸ್ ಆಗಿದೆ ಎಂದು ಹೇಳಿದ್ದರೆ ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್, ಅದರ ಜೊತೆ ಎಎಫ್‌ಪಿ ಎಂಬ ರಕ್ತ ಪರೀಕ್ಷೆ. ಆರು ತಿಂಗಳು ಎಂದಿಟ್ಟಿರುವುದು ಸುಮ್ಮನೆ ಅಲ್ಲ, ಗಡ್ಡೆ ಎರಡರಷ್ಟಾಗಲು ಹಿಡಿಯುವ ಸಮಯವನ್ನು ನೋಡಿಕೊಂಡೇ.